ಬರಿಗಲ್ಲಿನ ಸದ್ದು

ಹನಗೋಡು
೧೨ನೇ ಜುಲೈ ೧೯೪೩

ಹುಣಸೂರು ತಾಲ್ಲೂಕು ಅಮಲ್ದಾರರ ಸನ್ನಿಧಾನಕ್ಕೆ, ಹನಗೋಡು ಶಾಲೆಯ ಮೇಷ್ಟ್ರು ಚೆಲುವಯ್ಯನ ವಿಜ್ಞಾಪನೆ.

ರಾಗಿಯಿಲ್ಲದ ಮನೆಗಳ ಪಟ್ಟಿ ಕೇಳಿದ್ದಿರಿ. ಯುದ್ಧದ ಈ ಬಿಗಿಯಲ್ಲೂ ಅಂಥ ಮನೆ ನಮ್ಮೂರಲ್ಲಿ ಒಂದೂ ಇಲ್ಲವೆಂದು ಹೋದ ವಾರ ಬರೆದುಬಿಟ್ಟೆ. ಅದು ತಪ್ಪು. ಕೇಳಿದವರೆಲ್ಲ "ಉಂಡಿವಿ ಬುಡಿ ಮೇಷ್ಟ್ರೇ" ಅಂದಿದ್ದರು. ಬೆಳಗಿನ ಜಾವ ಮನೆಮನೆಯಲ್ಲೂ ಬೀಸುಕಲ್ಲಿನ ಸದ್ದು ಕೇಳುತ್ತಿತ್ತು. ನಂಬಿದೆ.

ಊರಿನ ಸವೆದ ಬೀಸುಕಲ್ಲುಗಳನ್ನು ಉಳಿಯಿಂದ ಕೆತ್ತಿ ಮತ್ತೆ ಒರಟು ಮಾಡುವ, ಅಂದರೆ ಮುಳ್ಳು ಹಾಕುವ ಕುಳ್ಳಮ್ಮ ಇದನ್ನು ಕೇಳಿ ನಕ್ಕಳು. "ರಾಗಿ ಬಿದ್ದ ಕಲ್ಲು ಗೊರಗೊರ ಅಂತದೆ, ಬರಿಗಲ್ಲು ಕಿರ್ ಅಂತದೆ. ನೆರೆಯೋರು ಕೇಳ್ಲಿ ಅಂತ ಬರಿಗಲ್ಲು ತಿರುಗಿಸ್ತಾವ್ರೆ. ಅಷ್ಟೂ ತಿಳೀದಾ?" ಮರುದಿನ ಬೆಳಗ್ಗೆ ಅವಳ ಜೊತೆ ಬೀದಿ ಸುತ್ತಿದೆ. ಒಂಬತ್ತು ಮನೆ ತೋರಿಸಿದಳು.

ತಾವು ಕಳಿಸುವುದು ಗಂಜಿಯೂ ಬೇಡ, ಹಿಟ್ಟೂ ಬೇಡ. ರಾಗಿಯನ್ನು ಕಾಳಾಗಿಯೇ ಕಳಿಸಿ. ಬೀಸುವ ಸದ್ದು ನೆರೆಗೆ ಕೇಳಬೇಕು. ಚಾವಡಿಯ ಮುಂದೆ ಸಾಲು ನಿಲ್ಲಲು ಇವರು ಬರುವುದಿಲ್ಲ. ಕಲ್ಲು ಕೆತ್ತುವ ನೆಪದಲ್ಲಿ ಕುಳ್ಳಮ್ಮನೇ ಮನೆಗಳಿಗೆ ಮುಟ್ಟಿಸುತ್ತಾಳಂತೆ.

ಸುತ್ತು ಮುಗಿಸಿ ನನ್ನ ಮನೆಯ ಮುಂದೆ ಬಂದಾಗ ಅವಳು ಮತ್ತೆ ನಿಂತಳು. ಒಳಗೆ ನನ್ನ ಹೆಂಡತಿ ಸುನಂದಮ್ಮ ಬೀಸುತ್ತಿದ್ದಳು; ಕಲ್ಲು ಕಿರ್ ಅನ್ನುತ್ತಿತ್ತು. "ಇದ್ನೂ ಬರ್ಕಳಿ" ಅಂದಳು ಕುಳ್ಳಮ್ಮ. ನನ್ನ ತಟ್ಟೆಗೆ ದಿನವೂ ಮುದ್ದೆ ಬರುತ್ತಿತ್ತು. ನಾನು ಎದ್ದ ಮೇಲೆ ಉಣ್ಣುವವಳ ತಟ್ಟೆಯನ್ನು ನಾನು ನೋಡಿರಲೇ ಇಲ್ಲ.

ಆದ್ದರಿಂದ ಹತ್ತು ಮನೆ ಎಂದು ತಿದ್ದಿಕೊಳ್ಳಬೇಕು. ರಾಗಿ ಮೊದಲು ಆ ಒಂಬತ್ತು ಮನೆಗೆ ಮುಟ್ಟಲಿ, ನಮಗೆ ನಿಧಾನವಾದರೂ ಚಿಂತೆಯಿಲ್ಲ. ಹತ್ತನೆಯ ಮನೆಯಲ್ಲಿ ಈಗ ಇಬ್ಬರೂ ಒಟ್ಟಿಗೆ ಕೂತು, ಒಂದೇ ಮುದ್ದೆ ಮುರಿದು ಉಣ್ಣುತ್ತಿದ್ದೇವೆ.

ತಮ್ಮ ವಿಧೇಯ,
ಚೆಲುವಯ್ಯ