ಮೇಲೆತ್ತಿದ ಕತ್ತಿ

ಅಪ್ಪಾ,

ನೀನು ಹೋದಮೇಲೆ ಇವತ್ತೇ ಮೊದಲ ಸಲ ಅಂಗಡಿಯ ರೇಡಿಯೊದಲ್ಲಿ ನಿನ್ನ ಕ್ರಿಸ್‌ಮಸ್ ಹಾಡು ಬಂತು. ಹಾಡಿದ್ದು ನಿನ್ನ ಅದೇ ಆಪೆರಾ ಗಾಯಕ. ನಾನು ಪೋಸ್ಟ್ ಮಾಸ್ತರರ ಗಡ್ಡ ಹೆರೆಯುತ್ತಿದ್ದೆ. ದನಿ ಏರುತ್ತಾ ಹೋಯಿತು. ತುದಿಯ ಸ್ವರ ಇನ್ನೇನು ಬರಬೇಕು, ಅಷ್ಟರಲ್ಲಿ ನನ್ನ ಕೈ ಕತ್ತಿಯನ್ನು ಅವರ ಕೊರಳಿನಿಂದ ಮೇಲೆತ್ತಿತು. ನಾನು ಎತ್ತಲಿಲ್ಲ, ಕೈಯೇ ಎತ್ತಿತು. ನೀನು ಎತ್ತುತ್ತಿದ್ದ ಹಾಗೆಯೇ.

"ಗಿರಾಕಿ ಕುತ್ತಿಗೆ ಮುಖ್ಯವೋ, ಇವನ ಕಿರುಚಾಟ ಮುಖ್ಯವೋ?" ಎಂದು ಆಗೆಲ್ಲ ನಾನು ನಗುತ್ತಿದ್ದೆ.

"ಕುತ್ತಿಗೆ ಮುಖ್ಯ ಅಂತಾನೇ ಎತ್ತೋದು ಕಣೋ, ಕೈ ನಡುಗುತ್ತೆ. ಒಂದ್ಸಲ ಕೂತು ಪೂರ್ತಿ ಕೇಳು," ಎನ್ನುತ್ತಿದ್ದೆ ನೀನು. ನಾನು ಬೈಕಿನ ಕೀಲಿ ಹುಡುಕುತ್ತಿದ್ದೆ.

ಅವನು ಹಾಡುವ ಭಾಷೆ ಶಾಲೆ ಬಿಟ್ಟ ನನಗೆ ಎಲ್ಲಿಂದ ಬರಬೇಕು? ಇವತ್ತೂ ಒಂದು ಪದ ತಿಳಿಯಲಿಲ್ಲ. ಆದರೂ ಪೂರ್ತಿ ಕೇಳಿದೆ.

ಹಾಡು ಮುಗಿದು ಸೋಪಿನ ಜಾಹೀರಾತು ಶುರುವಾಯಿತು. ಅರ್ಧ ಮುಖಕ್ಕೆ ನೊರೆ ಹೊತ್ತ ಮಾಸ್ತರರು, "ಹಾಡು ಮುಗೀತಲ್ಲಪ್ಪಾ, ಇನ್ನಾದ್ರೂ ಹೆರಿ. ನಿಮ್ಮಪ್ಪ ಇಷ್ಟೊತ್ತಿಗೆ ಆ ಕೆನ್ನೇನೂ ಮುಗಿಸಿರೋನು," ಎಂದರು.

ಕೈ ಇಳಿಯಲಿಲ್ಲ ಅಪ್ಪಾ. ನೀನು ಎತ್ತುವುದನ್ನಷ್ಟೇ ನೋಡಿ ನಾನು ಹೊರಟುಬಿಡುತ್ತಿದ್ದೆ. ಆಮೇಲೆ ಅದನ್ನು ನೀನು ಹೇಗೆ ಇಳಿಸುತ್ತಿದ್ದೆ?