ಬಿಚ್ಚದ ಚಪ್ಪರ

ಏಪ್ರಿಲ್ 8, ಬೆಳಿಗ್ಗೆ
ಹೊನ್ನೆಮರಕ್ಕೆ ಎರಡು ಬಿಂದಿಗೆ ನೀರು ಹಾಕಿ ಬಂದೆ. ಕಾಫಿ ಆಮೇಲೆ. ಮಗನ ಹೊಸ ಶೋರೂಮ್ ಕಡೆಯ ಮಗ್ಗುಲಲ್ಲಿ ತೊಗಟೆ ಇನ್ನಷ್ಟು ಬಿರಿದಿದೆ. ಕೆಂಪು ಅಂಟು ಇಳಿಯುತ್ತಿದೆ. ಎಲೆಯ ಅಂಚೆಲ್ಲ ಸುಟ್ಟು ಕಂದು. ಇನ್ನೊಂದು ಮಗ್ಗುಲು ಹಸಿರು. ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಮಾವನವರು ಕಾಡಿನಿಂದ ಸಸಿ ತಂದು ನೆಟ್ಟದ್ದು.

ಏಪ್ರಿಲ್ 11
ಮರ ಕೊಯ್ಯುವ ಮಂಟೇಸ್ವಾಮಿ ಬಂದಿದ್ದ. ಕರೆತಂದವನು ನನ್ನ ಮಗ ಶಿವಪ್ರಕಾಶನೇ.
"ರಕ್ತ ಕಾರ್ತಾ ಐತೆ ಅವ್ವಾರೆ. ರೋಗ. ಉಳಿಯಾಕಿಲ್ಲ."
"ನಿನಗೂ ಶುಗರ್ ಐತಂತಲ್ಲ. ಕಡಿದುಬುಡಾನಾ?" ಅಂದೆ.
ಪ್ರಕಾಶ ಬಾಯಿ ಬಿಟ್ಟ. "ಅವ್ವ, ಟೈಲ್ಸ್ ಶೋರೂಮ್ ಓಪನ್ ಆದ್ಮೇಲೆ ಕಾರು ನಿಲ್ಸೋಕೆ ಜಾಗ ಬೇಕು. ಪರ್ಮಿಷನ್ ಬಂದ ತಕ್ಷಣ ಕಡಿಸ್ತೀನಿ."
ಜಾಗ ನನ್ನ ಹೆಸರಲ್ಲಿದೆ. ಹೇಳಲಿಲ್ಲ. ಹೇಳುವ ದಿನ ಬರಬಹುದು.

ಏಪ್ರಿಲ್ 30
ಓಪನಿಂಗ್. ಗಾಜಿನ ಗೋಡೆಯ ಮುಂದೆ ಉದ್ದಕ್ಕೂ ತೆಂಗಿನ ಗರಿಯ ಚಪ್ಪರ. ಪೂಜೆ, ಊಟ. ಸೊಂಟ ಬಿದ್ದುಹೋಗಿದೆ.

ಮೇ 9
ಸುಟ್ಟ ಮಗ್ಗುಲಲ್ಲಿ ಎಳೆ ಎಲೆ. ಕಂದಿಲ್ಲ. ಮಳೆ ಬಂದಿಲ್ಲ, ಬಿಸಿಲು ತಗ್ಗಿಲ್ಲ... ಮತ್ತೆ ಹೇಗೆ?
ಸಂಜೆ ಪ್ರಕಾಶ ಚಪ್ಪರ ಬಿಚ್ಚಿಸಿದ.

ಮೇ 13, ಮಧ್ಯಾಹ್ನ
ಎಳೆ ಎಲೆ ಮುದುರಿವೆ. ಹೋಗಿ ಮರದ ಕೆಳಗೆ ನಿಂತೆ. ಸೂರ್ಯ ಪಡುವಣಕ್ಕೆ ವಾಲಿದ್ದಾನೆ. ಸುಡುತ್ತಿರುವುದು ಮೂಡಲ ಮಗ್ಗುಲು. ತಿರುಗಿ ನೋಡಿದೆ — ಶೋರೂಮಿನ ಗಾಜಿನಲ್ಲಿ ಇನ್ನೊಬ್ಬ ಸೂರ್ಯ. ತೊಗಟೆ ಮುಟ್ಟಿದೆ. ಕಾದ ಕಾವಲಿ. ಚಪ್ಪರ ಇದ್ದಷ್ಟು ದಿನ ಗಾಜಿಗೆ ಬಿಸಿಲು ಬೀಳುತ್ತಿರಲಿಲ್ಲ. ರೋಗವಂತೆ ರೋಗ.
ಪ್ರಕಾಶನನ್ನು ಕರೆದು ತೋರಿಸಿದೆ.
"ಬುಡವ್ವ, ಗಾಜಿಂದ ಎಲ್ಲಾದ್ರೂ ಮರ ಸಾಯ್ತದಾ."
"ನಾಳೆ ಇದೇ ಹೊತ್ತಿಗೆ ಅಂಗಿ ಬಿಚ್ಚಿ ಇಲ್ಲಿ ನಿಂತ್ಕೋ" ಅಂದೆ. ಸೊಸೆ ಶಿಲ್ಪಶ್ರೀ ಮುಖ ಆ ಕಡೆ ಮಾಡಿ ನಕ್ಕಳು.

ಮೇ 14
ಆಳು ಕರೆಸಿ ಹಳೆ ಗರಿಯಲ್ಲೇ ಮತ್ತೆ ಚಪ್ಪರ ಕಟ್ಟಿಸಿದೆ. ಬೋರ್ಡೂ ಮುಚ್ಚಿತು.
"ಗಿರಾಕಿಗಳು ಮದುವೆ ಮನೆ ಅನ್ಕೋತಾರೆ ಅವ್ವ."
"ಊಟ ಹಾಕಿ ಕಳ್ಸು."
ಎದುರುಮನೆ ಸರ್ವಮಂಗಳಾ ಬುದ್ಧಿ ಹೇಳಲು ಬಂದಳು. ಶುಭ ಮುಗಿದ ಮೇಲೆ ಒಣ ಚಪ್ಪರ ಬಾಗಿಲಲ್ಲಿ ಇರಬಾರದು ಕಣಕ್ಕ, ಅಂತ. ನನ್ನ ಶುಭ ಇನ್ನೂ ಮುಗಿದಿಲ್ಲ ಕಣಮ್ಮ, ಅಂದೆ.

ಮೇ 20
ಪ್ರಕಾಶ ಮಾತು ಬಿಟ್ಟಿದ್ದಾನೆ. ಊಟ ಬಿಟ್ಟಿಲ್ಲ. ಪರ್ಮಿಷನ್ ಬಂತಂತೆ. ನಾಡಿದ್ದು ಮಂಟೇಸ್ವಾಮಿ ಗರಗಸ ತರುತ್ತಾನಂತೆ. ತರಲಿ. ಮರದ ಬುಡಕ್ಕೆ ನನ್ನ ಕುರ್ಚಿ ಹಾಕಿಸಿದ್ದೇನೆ. ಎಲೆ ಅಂಗೈ ಅಗಲವಾಗಿವೆ.

ಮೇ 21, ಸಂಜೆ
ಗಾಳಿಗೆ ಚಪ್ಪರದ ನಡುವೆ ಗರಿ ಹಾರಿ ಕಿಂಡಿಯಾಗಿತ್ತು. ಅದರ ನೇರಕ್ಕೆ ಪ್ರಕಾಶ ಸ್ಕೂಟರ್ ನಿಲ್ಲಿಸಿದ್ದ. ಬಂದು ಕೂತವನು ಹಾಗೇ ಎದ್ದ. ಸೀಟು ಮುಟ್ಟಿ ನೋಡಿದ. ಗಾಜು ನೋಡಿದ. ಮರ ನೋಡಿದ. ನಾನು ಕುರ್ಚಿಯಲ್ಲೇ ಇದ್ದೆ.

ಮೇ 22, ಬೆಳಿಗ್ಗೆ
ಮಂಟೇಸ್ವಾಮಿಯ ಸುಳಿವಿಲ್ಲ. ಹೊರಗೆ ಏಣಿ ಒರಗಿಸಿದ ಸದ್ದು. ಚಪ್ಪರ ಬಿಚ್ಚೋಕೆ ಬಂದಿದ್ದರೆ ಜಾಗದ ಪತ್ರ ತೆಗೆದು ಮುಖದ ಮುಂದೆ ಹಿಡಿಯುವುದೇ ಎಂದುಕೊಂಡು ಕಿಟಕಿಯಲ್ಲಿ ನೋಡಿದೆ. ಪ್ರಕಾಶ. ಹೆಗಲ ಮೇಲೆ ಹಸಿ ಗರಿ. ಗಂಟು ಹಾಕಲು ಬರುವುದಿಲ್ಲ ಅವನಿಗೆ, ಗಾಳಿಗೆ ಮತ್ತೆ ಹಾರುತ್ತೆ. ನಾನೇ ಹೋಗಿ —