ಸಪೋಟ ಮರದ ಕೆಂಪು ಹೂ

ಅಪ್ಪಾ,

ಇವತ್ತು ಮರ ಸವರುವವನು ಬಂದಿದ್ದ. ನೀನು ನೆಟ್ಟ ಸಪೋಟ ಮರದ ಒಣಕೊಂಬೆಗಳನ್ನು ತೋರಿಸಿ, ಹಸಿರಿರುವುದನ್ನು ಮಾತ್ರ ಮುಟ್ಟಬೇಡ ಎಂದೆ. ಅವನು ನಕ್ಕುಬಿಟ್ಟ.

"ಆ ಹಸಿರು ಮರದ್ದಲ್ಲಕ್ಕಾ, ಬಂದಳಿಕೆ. ಹಕ್ಕಿ ಅಂಟುಬೀಜ ಒರೆಸಿ ಹೋಗಿದೆ, ಅದರ ಬೇರು ಕೊಂಬೆಯೊಳಗೇ ಇಳಿದಿದೆ. ನೀವು ಹಾಕಿದ ನೀರೆಲ್ಲ ಅದಕ್ಕೇ!"

ಪಕ್ಕದ ಮನೆ ಅಜ್ಜಿ ಗೋಡೆಯಾಚೆಯಿಂದ, "ಕಡಿಸ್ಬೇಡ್ವೇ, ಬಂದಳಿಕೆ ಇರೋ ಮನೇಲಿ ಸಾವಿಲ್ಲ," ಎಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು.

ಆಸ್ಪತ್ರೆಯಲ್ಲಿ ನಿನಗೆ, ಮರ ಚಿಗುರಿದೆ, ಹೂ ಬಿಟ್ಟಿದೆ ಎಂದು ಹೇಳಿದವಳು ನಾನೇ. "ಯಾವ ಬಣ್ಣ ಮಗಳೇ?" ಎಂದು ನೀನು ಕೇಳಿದೆ. "ಕೆಂಪು" ಅಂತ ಖುಷಿಯಿಂದ ಹೇಳಿದೆ. ಸಪೋಟದ ಹೂ ಬಿಳಿ, ಕೆಂಪು ಹೂ ಬಂದಳಿಕೆಯದು ಎಂದು ನನಗೆ ಗೊತ್ತಾದದ್ದು ಇವತ್ತು. ನೀನು ನಲವತ್ತು ವರ್ಷ ತೋಟದ ಕೆಲಸ ಮಾಡಿದವನು. ಅವತ್ತು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, "ಚೆನ್ನಾಗಿದೆ, ನೀರು ಹಾಕ್ತಿರು" ಅಂದೆಯಲ್ಲ.

ಬಂದಳಿಕೆ ಹತ್ತಿದ ಕೊಂಬೆಗಳನ್ನೆಲ್ಲ ತೆಗೆದರೆ ಉಳಿಯುವುದು ಬೋಳು ಬುಡವಂತೆ. ಬಿಟ್ಟರೆ ಅದೂ ಇಲ್ಲವಂತೆ. "ಬೇಗ ಹೇಳಿ ಅಕ್ಕಾ" ಎಂದು ಅವನು ಗರಗಸ ಹಿಡಿದು ನಿಂತಿದ್ದ. ನಾಳೆ ಬಾ ಎಂದು ಕಳಿಸಿದೆ.

ಅವತ್ತೇ ನೀನು ನಿಜ ಹೇಳಿದ್ದರೆ ನಾನು ಗಾಬರಿ ಬೀಳುತ್ತಿದ್ದೆ, ಒಪ್ಪುತ್ತೇನೆ. ಆದರೆ ಏನು ಮಾಡಲಿ ಎಂದು ಕೇಳುವುದಕ್ಕೆ ಆಗ ನೀನಿದ್ದೆ.